ಸಂವಾದ ಸಮಿತಿಯ ಸಂಚಾಲಕನ ಮೌನವ್ರತ

ರಾಜ್ಯಶಾಸ್ತ್ರ ಪಾಠ ಮಾಡುವವನಿಗೆ ರಾಜಕೀಯ ಮಾತಾಡಲು ಬರುತ್ತದೆ ಅಂತ ಜನ ನಂಬಿದ್ದಾರೆ. ನನ್ನ ಮಟ್ಟಿಗೆ ಅದು ಶುದ್ಧ ಸುಳ್ಳು. ರಾಜಕೀಯದಲ್ಲಿ ನನಗೆ ಬರುವುದು ಎರಡೇ: ಮೊದಲು ದನಿ ಏರಿಸುವುದು, ಆಮೇಲೆ ಮಾತು ಬಿಡುವುದು. ಇದನ್ನರಿಯದ ನಮ್ಮ ಪ್ರಿನ್ಸಿಪಾಲರು, 'ಭಿನ್ನ ರಾಜಕೀಯ ನಿಲುವುಗಳ ನಡುವೆ ರಚನಾತ್ಮಕ ಸಂವಾದ' ಬೆಳೆಸಬೇಕೆಂದು ವಿಶ್ವವಿದ್ಯಾಲಯದಿಂದ ಸುತ್ತೋಲೆ ಬಂದ ದಿನವೇ ನನ್ನನ್ನು ಸಂವಾದ ಸಮಿತಿಯ ಸಂಚಾಲಕನನ್ನಾಗಿ ಮಾಡಿಬಿಟ್ಟರು. ಸುದ್ದಿ ತಂದವರು ನಿವೃತ್ತಿಯ ಅಂಚಿನಲ್ಲಿರುವ ಅಟೆಂಡರ್ ಮುನಿರಾಜಣ್ಣ. "ಸಾರ್, ಕಮಿಟೀಲಿ ಇಬ್ರೇ. ನೀವು, ಎಕನಾಮಿಕ್ಸ್ ಗೋವಿಂದರಾಜು ಸಾರು" ಅಂದವರೇ ನಗು ಕಾಣದಿರಲಿ ಅಂತ ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು.

ನಗುವುದಕ್ಕೆ ಕಾರಣವಿತ್ತು. ನಾನೂ ಗೋವಿಂದರಾಜುವೂ ಮಾತು ಬಿಟ್ಟು ಮೂರು ತಿಂಗಳಾಗಿತ್ತು. ದೊಡ್ಡಬಳ್ಳಾಪುರದ ಒಂದೇ ಬೀದಿಯ ನೇಕಾರರ ಮಕ್ಕಳು ನಾವು. ಇಪ್ಪತ್ತು ವರ್ಷ ಒಂದೇ ಮೇಜಿನ ಮೇಲೆ ಊಟದ ಡಬ್ಬಿ ಬಿಚ್ಚಿದವರು. ಈಗ ಅವನು ಕಿಟಕಿ ನೋಡುತ್ತಾ ಉಣ್ಣುತ್ತಿದ್ದ, ನಾನು ಗೋಡೆ ನೋಡುತ್ತಾ. ಅವನ ಬಸ್ಸಾರಿನ ಘಮ ಮಾತ್ರ ಪಕ್ಷಭೇದವಿಲ್ಲದೆ ನನ್ನ ಕಡೆಗೂ ಬರುತ್ತಿತ್ತು. ಸೀಮೆಸುಣ್ಣ ಬೇಕಾದರೂ, "ಮುನಿರಾಜಣ್ಣ, ಸೀಮೆಸುಣ್ಣ ಇದೆಯಾ ಅಂತ ಅವರನ್ನ ಕೇಳಿ" ಎನ್ನುತ್ತಿದ್ದೆ. 'ಅವರು' ಕೂತಿದ್ದದ್ದು ಎರಡು ಮಾರು ದೂರದಲ್ಲಿ. ನಿಜ ಹೇಳುತ್ತೇನೆ, ಅವನ ಮಾತಿಲ್ಲದೆ ನನಗೆ ಊಟ ರುಚಿಸುತ್ತಿರಲಿಲ್ಲ. ಅದನ್ನು ಅವನೆದುರು ಒಪ್ಪಿಕೊಳ್ಳಲು ಮಾತ್ರ ತಯಾರಿರಲಿಲ್ಲ.

ಜಗಳವಾದದ್ದು ಚುನಾವಣೆಯ ಸಮಯದಲ್ಲಿ, ಅವನ ಮನೆಯ ಪವರ್‌ಲೂಮುಗಳ ಮಧ್ಯೆ. ಮಗ್ಗದ ಸದ್ದಿನಲ್ಲಿ ಬೆಳೆದ ನಾವು ಮಾತನ್ನು ಕಿವಿಯಿಂದ ಕೇಳುವುದಕ್ಕಿಂತ ತುಟಿ ನೋಡಿ ತಿಳಿಯುವುದೇ ಹೆಚ್ಚು. ಈ ವಿದ್ಯೆಯಲ್ಲಿ ನನಗೆ ಒಂದಿಷ್ಟು ಜಂಬವೂ ಇದೆ. ಪರೀಕ್ಷೆಯಲ್ಲಿ ಕೊನೆಯ ಬೆಂಚಿನವರ ಪಿಸುಮಾತನ್ನು ಬಾಗಿಲಲ್ಲೇ ನಿಂತು ಹಿಡಿದವನು ನಾನು. ಆ ದಿನ ನಾನು ನನ್ನ ಪಕ್ಷದ ಪರವಾಗಿ ಅರ್ಧ ಗಂಟೆ ಅರಚಿದ ಮೇಲೆ ಗೋವಿಂದರಾಜು ನನ್ನತ್ತ ತಿರುಗಿದ. ಅವನ ತುಟಿಯ ಮೇಲೆ ಮೂಡಿದ್ದನ್ನು ಸ್ಪಷ್ಟವಾಗಿ ಓದಿದೆ: "ಪಾಪಿ, ನೀ ಖಾಲಿ." ನಾನು ಖಾಲಿಯಂತೆ! ಅದೂ ಪಾಪಿಯಂತೆ! ಚಪ್ಪಲಿ ಮೆಟ್ಟಿಕೊಂಡು ಬಂದುಬಿಟ್ಟೆ.

ಸಂವಾದದ ದಿನ ಬಂತು. ಸುತ್ತೋಲೆಯಲ್ಲಿ ಒಂದು ನಿಯಮವಿತ್ತು: ಎದುರಿನವರು ಹೇಳಿದ್ದನ್ನು ಮೊದಲು ಅವರು ಒಪ್ಪುವ ಹಾಗೆ ತಿರುಗಿ ಹೇಳಬೇಕು, ಆಮೇಲೆ ಉತ್ತರ. ಪರರ ಮಾತಿಗೆ ಕಿವಿಗೊಡುವ ಮಹತ್ವದ ಬಗ್ಗೆ ನಾನು ನಲವತ್ತು ನಿಮಿಷ ಮಾತಾಡಿದೆ, ಯಾರಿಗೂ ಬಾಯಿ ತೆರೆಯಲು ಬಿಡದೆ. ಮುಗಿಸಿದ ಕೂಡಲೇ ಎರಡನೇ ಬಿ.ಎ. ಕಾವ್ಯ ಎದ್ದು ನಿಂತಳು. "ಸಾರ್, ಹೇಳಿದ್ರೆ ಅರ್ಥ ಆಗಲ್ಲ. ನೀವೂ ಗೋವಿಂದರಾಜು ಸಾರೂ ಒಂದ್ಸಲ ಮಾಡಿ ತೋರ್ಸಿ." ಸಭಾಂಗಣವೆಲ್ಲ ಚಪ್ಪಾಳೆ. ಸ್ಟಾಫ್ ರೂಮಿನ ಸುದ್ದಿ ಇವಳಿಗೆ ಹೇಗೆ ಮುಟ್ಟಿತೆಂದು ಸುತ್ತ ನೋಡಿದರೆ, ಮುನಿರಾಜಣ್ಣ ಬಹಳ ಶ್ರದ್ಧೆಯಿಂದ ಸೂರು ನೋಡುತ್ತಿದ್ದರು.

ತಪ್ಪಿಸಿಕೊಳ್ಳುವಂತಿರಲಿಲ್ಲ. ಮೂರು ತಿಂಗಳಲ್ಲಿ ಮೊದಲ ಸಲ ಅವನ ಮುಖ ನೋಡಿದೆ. ಮೈಕ್ ಹಿಡಿದು, "ಅವತ್ತು ನೀವು ನನಗೆ ಹೇಳಿದ್ದು, 'ಪಾಪಿ, ನೀ ಖಾಲಿ'" ಅಂದೆ.

ಗೋವಿಂದರಾಜು ಬೆಪ್ಪಾಗಿ ನನ್ನನ್ನೇ ನೋಡಿದ. ಆಮೇಲೆ ಸಭೆಯನ್ನೂ ಮೈಕನ್ನೂ ಮರೆತು ನಮ್ಮ ಬೀದಿಯ ಭಾಷೆಗೆ ಇಳಿದ. "ಲೇ, ನಾನೆಲ್ಲೋ ಹಂಗಂದೆ? 'ಬಾಬಿನ್ ಖಾಲಿ' ಅಂದೆ ಕಣೋ! ನಿನ್ ಪಕ್ಕದ್ ಮಗ್ಗದಲ್ಲಿ ನೂಲು ಮುಗ್ದೋಗಿತ್ತು, ಮಗ್ಗ ನಿಲ್ಸು ಅಂತ ಹೇಳ್ದೆ!"

ಸಭೆಯಲ್ಲಿದ್ದವರಲ್ಲಿ ಅರ್ಧ ಜನ ನೇಕಾರರ ಮಕ್ಕಳೇ. ಪಕಾರಕ್ಕೂ ಬಕಾರಕ್ಕೂ ತುಟಿ ಒಂದೇ ಥರ ಮುಚ್ಚುತ್ತದೆಂದು ಅವರಿಗೆ ಯಾರೂ ವಿವರಿಸಬೇಕಾಗಲಿಲ್ಲ. ಅವರ ನಗು ನಿಂತ ಮೇಲೆ ಕೇಳಿದೆ, "ಹಂಗಾದ್ರೆ ನನ್ ವಾದಕ್ಕೆ ನೀನೇನ್ ಉತ್ತರ ಕೊಟ್ಟೆ?"

"ಎಲ್ಲಿ ಕೊಡೋಕ್ ಬಿಟ್ಟೆ? ಎದ್ದು ಹೋದೆ. ಇವತ್ ಬರ್ತಾನೆ, ನಾಳೆ ಬರ್ತಾನೆ ಅಂತ ದಿನಾ ಡಬ್ಬೀಲಿ ಸಾರು ಜಾಸ್ತಿ ಹಾಕಿಸ್ಕೊಂಡ್ ಬರ್ತಿದೀನಿ ಕಣೋ."

ಮೂರು ತಿಂಗಳು ಮನಸ್ಸಿನಲ್ಲೇ ನಾನು ಖಂಡಿಸುತ್ತಾ ಬಂದದ್ದು ಒಂದು ಖಾಲಿ ಬಾಬಿನ್ನನ್ನು. ವರದಿಯ ನಮೂನೆಯಲ್ಲಿ 'ಬಗೆಹರಿದ ಭಿನ್ನಾಭಿಪ್ರಾಯಗಳು' ಎಂಬ ಕಲಂ ಇತ್ತು. 'ಒಂದು; ನೂಲಿಗೆ ಸಂಬಂಧಿಸಿದ್ದು' ಅಂತ ಬರೆದು ಕಳಿಸಿದೆ. ವಿಶ್ವವಿದ್ಯಾಲಯದಿಂದ ಇನ್ನೂ ಉತ್ತರ ಬಂದಿಲ್ಲ.

ಈಗ ಮತ್ತೆ ಒಂದೇ ಮೇಜಿನಲ್ಲಿ ಊಟ. ರಾಜಕೀಯದಲ್ಲಿ ಅವನು ಒಂದಿಂಚೂ ಜರುಗಿಲ್ಲ, ನಾನೂ ಜರುಗಿಲ್ಲ. ಆದರೆ ಸುತ್ತೋಲೆಯ ನಿಯಮ ಅವನಿಗೆ ವಿಪರೀತ ಹಿಡಿಸಿಬಿಟ್ಟಿದೆ. ಉತ್ತರ ಕೊಡುವ ಮೊದಲು ನನ್ನ ವಾದವನ್ನು ಒಂದಕ್ಷರ ಬಿಡದೆ ಒಪ್ಪಿಸುತ್ತಾನೆ, "ಇದೇ ತಾನೆ ನೀನ್ ಹೇಳಿದ್ದು? ಸರೀನಾ?" ಎಂದು ಕೇಳುತ್ತಾನೆ. ಅವನ ಬಾಯಿಂದ ಕೇಳುವಾಗ, ಇಷ್ಟು ದಡ್ಡ ಮಾತು ಆಡಿದವನು ಯಾವನೋ ಎಂದು ನನಗೇ ಜಗಳಕ್ಕೆ ಹೋಗೋಣವೆನ್ನಿಸುತ್ತದೆ. ಆದರೂ ಹೂಂ ಅಂತ ತಲೆಯಾಡಿಸಿ, ಇನ್ನೊಂದು ಸೌಟು ಸಾರು ಹಾಕಿಸಿಕೊಳ್ಳುತ್ತೇನೆ.