ಅನ್‌ಫಿಟ್ ಆದ ಬಂಗುಡೆ ಸಾರು

ಕೆಲಸದ ಅಭ್ಯಾಸವನ್ನು ಚಪ್ಪಲಿಯ ಜೊತೆ ಹೊರಗೇ ಬಿಟ್ಟು ಮನೆಯೊಳಗೆ ಬರುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನನ್ನಿಂದ ಅದು ಆಗದು. ನಾನು ಸೇನೆಯ ಪ್ರಯೋಗಾಲಯದಲ್ಲಿ ವಿಜ್ಞಾನಿ. ನನ್ನ ಕೈಯಲ್ಲಿ ಬಂದೂಕಿದೆ ಎಂದು ಊರವರ ನಂಬಿಕೆ, ಇರುವುದು ಸೂಕ್ಷ್ಮದರ್ಶಕ. ಜವಾನರು ಕುಡಿಯುವ ನೀರು, ಉಣ್ಣುವ ಅನ್ನ, ಕೊನೆಗೆ ಅವರ ರಕ್ತ, ಎಲ್ಲದರಲ್ಲೂ ರೋಗಾಣು ಹುಡುಕುವವ ನಾನು. 'ಅನ್‌ಫಿಟ್' ಎಂದು ಬರೆದೆನೆಂದರೆ ಕರ್ನಲ್ ಸಾಹೇಬರ ಊಟವೂ ಕಸದ ಗುಂಡಿಗೆ ಹೋಗಬೇಕು. ಈ ಅಧಿಕಾರ ಸ್ವಲ್ಪ ತಲೆಗೇರಿತ್ತು ಅಂತ ಕಾಣುತ್ತದೆ.

ಹನ್ನೊಂದು ತಿಂಗಳ ಮೇಲೆ ರಜೆಯಲ್ಲಿ ನನ್ನೂರು ತೆಕ್ಕಟ್ಟೆಗೆ ಬಂದರೆ, ಕಡಲು ಕೆಟ್ಟು ಮೀನೇ ಇಲ್ಲ. ಹೊರಡಲು ಮೂರು ದಿನ ಇರುವಾಗ ಬಂಗುಡೆ ಸಿಕ್ಕಿತು. ನಮ್ಮಲ್ಲಿ ಮೀನು ಸಾರಿಗೆ ರುಚಿ ಹತ್ತುವುದೇ ಮರುದಿನ, ಮಣ್ಣಿನ ಮಡಕೆಯಲ್ಲಿ ಹುಳಿ ಖಾರ ಹೀರಿಕೊಂಡ ಮೇಲೆ. ಅದಕ್ಕೆಂದೇ ಅಮ್ಮ ಎರಡು ಮೀನು ಹೆಚ್ಚು ಹಾಕಿ, ಮರುದಿನ ಬೆಳಿಗ್ಗೆ ಕುದಿಸಿ ದೋಸೆಯ ಜೊತೆ ಮುಂದಿಟ್ಟಳು. ನಾನೋ, "ರಾತ್ರಿ ಫ್ರಿಜ್ಜಿಗ್ ಹಾಕಿದ್ಯಾ?" ಎಂದೆ. ಇಲ್ಲವಂತೆ. "ಹಾಂಗಾರೆ ಇದ್ ಅನ್‌ಫಿಟ್" ಎಂದುಬಿಟ್ಟೆ.

ನಮ್ಮ ಮನೆಯಲ್ಲಿ ಆ ಪದ ಆಡಬಾರದು. ಹಿಂದೆ ಸೈನ್ಯದ ಭರ್ತಿಗೆ ಹೋದ ಸೋದರಮಾವನನ್ನು, ಪಾದ ಚಪ್ಪಟೆಯೆಂದು 'ಅನ್‌ಫಿಟ್' ಮಾಡಿ ಕಳಿಸಿದ್ದರು. ಅಮ್ಮ ಅದನ್ನು ಇನ್ನೂ ಮರೆತಿಲ್ಲ.

"ಅಂದ್ ನನ್ ತಮ್ಮ, ಇಂದ್ ನನ್ ಸಾರಾ?" ಎಂದವಳೇ ಬಟ್ಟಲು ಎತ್ತಿಕೊಂಡು ಹೋದಳು. ನನಗೆ ಬ್ರೆಡ್ ಬಂತು, ಪ್ಯಾಕೆಟ್ಟಿನ ತಾರೀಕು ನನ್ನ ಕಡೆಗೆ ತಿರುಗಿಸಿಟ್ಟು. ಆಮೇಲೆ ಮಾತಿಲ್ಲ. ಮಾತು ಬಿಟ್ಟ ಅಮ್ಮನನ್ನು ಹಾಗೇ ಬಿಟ್ಟು ನಾಡಿದ್ದು ರೈಲು ಹತ್ತುವುದು ನೆನೆದರೆ ಸಂಕಟವಾಯಿತು. ಎದುರಿಗೆ ಅಪ್ಪಯ್ಯ ಬೆರಳು ಚೀಪುತ್ತಾ, "ಮೂವತ್ತ್ ವರ್ಷದಿಂದ ತಿಂತಿದ್ದೆ ಮಗಾ, ನಂಗ್ ಎಂತಾಯ್ತ್?" ಎಂದು ಕೇಳಿ, ತಿಂದು ಮುಗಿಸಿ ತೋಟಕ್ಕೆ ಹೋದರು.

ಅಡುಗೆಮನೆಗೆ ಹೋಗಿ ತಲೆ ತಗ್ಗಿಸಿ ನಿಂತೆ. "ಅಮ್ಮ, ಪರೀಕ್ಷೆ ಮಾಡ್ದೆ ರಿಪೋರ್ಟ್ ಕೊಟ್ಟದ್ ತಪ್ಪಾಯ್ತ್. ಒಂಚೂರ್ ಸ್ಯಾಂಪಲ್ ಕೊಡ್."

ಅವಳು ಮುಖ ನೋಡದೆ ಒಂದು ಸೌಟು ಬಡಿಸಿದಳು. ಆಮೇಲೆ ಇನ್ನೊಂದು. ಐದನೆಯ ದೋಸೆಗೆ, "ಎಂತ ಬಂತ್ ರಿಪೋರ್ಟ್?" ಎಂದಳು. ಮಾತು ಬಂತಲ್ಲ, ಜೀವ ಬಂತು.

ಅರೆ ತುಂಬಿದ ಬಾಟಲಿ ಕಳಿಸುವ ಆಸ್ಪತ್ರೆಗಳಿಗೆ ನಾನು ಸಿಟ್ಟಿನಿಂದ ಬರೆಯುವ ಸಾಲನ್ನೇ ಹೇಳಿದೆ: "ಸ್ಯಾಂಪಲ್ ಸಾಲ್ದು, ಮತ್ತೊಮ್ಮೆ ಕಳ್ಸಿ."

ಅಮ್ಮ ಮಡಕೆ ಬಗ್ಗಿಸಿ ತೋರಿಸಿದಳು. ತಳ ಕಾಣುತ್ತಿತ್ತು. "ಅಪ್ಪಯ್ಯನ ಮಧ್ಯಾಹ್ನದ್ದೂ ನೀನೇ ಪರೀಕ್ಷೆ ಮಾಡ್ದೆ. ಇವತ್ತ್ ಊಟಕ್ಕೆ ಬ್ರೆಡ್ ಅಂದೇಳಿ ತೋಟಕ್ಕೆ ನೀನೇ ಹೋಯ್ ಹೇಳ್."

ಊರವರು ನಂಬಿದಂತೆ ನಾನು ಗಡಿಯಲ್ಲಿ ಬಂದೂಕು ಹಿಡಿದು ನಿಲ್ಲುವವನಾಗಿದ್ದರೆ, ಅಷ್ಟು ಧೈರ್ಯ ಇರುತ್ತಿತ್ತೋ ಏನೋ.