ಸೊಪ್ಪಿಗೆ ಕಳೆದ ಅರ್ಧ ಅಂಕ

ಕನ್ನಡ ಮೇಷ್ಟ್ರ ಕೆಲಸದಲ್ಲಿ ನಗು ಬರುವಂಥದ್ದು ವಾರಕ್ಕೊಂದಾದರೂ ನಡೆಯುತ್ತದೆ. ನಗಲು ಜೊತೆಗೊಬ್ಬರು ಬೇಕು, ಕಷ್ಟ ಅಷ್ಟೇ. ಮೊದಲೆಲ್ಲ ಸಂಜೆ ಮನೆಗೆ ಹೋಗಿ ಹೆಂಡತಿಗೆ ಹೇಳುತ್ತಿದ್ದೆ. ಅವಳು ತೀರಿಕೊಂಡು ನಾಲ್ಕು ವರ್ಷವಾಯಿತು. ಆಮೇಲೆ ನಡೆದವು ಹಾಗೇ ಉಳಿದುಬಿಟ್ಟಿವೆ. ಕೆಲವನ್ನು ಇಲ್ಲಿ ಬರೆದಿದ್ದೇನೆ.

೧. ಮೂವತ್ತೆಂಟು ಜನರ ಕಣ್ಣೀರು

ಕೊಳ್ಳೇಗಾಲದ ನಮ್ಮ ಕಾಲೇಜಿನಲ್ಲಿ ಕೊನೆಯ ವರ್ಷದ ಬಿ.ಎ. ಹುಡುಗರು ಮೂರು ಪುಸ್ತಕ ಓದಿ, ಒಂದೊಂದಕ್ಕೂ ‘ನನ್ನ ಸ್ವಂತ ಪ್ರತಿಕ್ರಿಯೆ’ ಬರೆದುಕೊಡಬೇಕು. ತಲಾ ಹತ್ತು ಅಂಕ. ಒಂದು ಸಲ ಮೂವತ್ತೊಂಬತ್ತು ಜನ ಬರೆದುಕೊಟ್ಟರು. ಅವರಲ್ಲಿ ಮೂವತ್ತೆಂಟು ಜನ ಪ್ರೇಮದ ಕಾದಂಬರಿಯ ತೊಂಬತ್ತೆರಡನೇ ಪುಟದಲ್ಲೇ ಅತ್ತಿದ್ದರು. ಎಲ್ಲರ ಕಣ್ಣೀರೂ ‘ಅರಿವಿಲ್ಲದಂತೆ ಕೆನ್ನೆ ತೋಯಿಸಿ’ತ್ತು.

ಬಸ್ ಸ್ಟ್ಯಾಂಡ್ ಎದುರಿನ ಜೆರಾಕ್ಸ್ ಅಂಗಡಿಯವನು ಪುಸ್ತಕದ ಪ್ರತಿಯ ಜೊತೆ ಸ್ವಂತ ಪ್ರತಿಕ್ರಿಯೆಯನ್ನೂ ಮಾರಾಟಕ್ಕಿಟ್ಟಿದ್ದ. ಹನೂರಿನ ಕಡೆಯ ಹುಡುಗನೊಬ್ಬ ಅದನ್ನು ಎಷ್ಟು ನಿಷ್ಠೆಯಿಂದ ನಕಲು ಮಾಡಿದ್ದನೆಂದರೆ, ಹಾಳೆಯ ಕೊನೆಯಲ್ಲಿ ‘ಹೆಚ್ಚಿನ ಪ್ರತಿಗಳಿಗೆ ಬಸ್ ನಿಲ್ದಾಣದ ಎದುರು ವಿಚಾರಿಸಿ’ ಎಂದೂ ಬರೆದಿದ್ದ.

“ಇದು ನಿನ್ನ ಸ್ವಂತದ್ದೇನಪ್ಪಾ?” ಎಂದೆ.

“ಊ ಸಾ.”

“ಮತ್ತೆ ಈ ಕೊನೇ ಸಾಲು?”

ಸ್ವಲ್ಪ ಯೋಚಿಸಿದ. “ಬ್ಯಾರೆಯವ್ರಿಗೂ ಬೇಕಾಯ್ತದಲ್ಲ ಸಾ.”

ಬೈಯಬೇಕಿತ್ತು. ಬೈಯಲಿಲ್ಲ. ಹೆಂಡತಿ ಹೋದ ಮೇಲೆ ನಾನೂ ಈ ಹಾಳೆಗಳನ್ನು ಓದುವುದನ್ನು ಬಿಟ್ಟಿದ್ದೆ. ಹಾಳೆ ತಿರುವಿ, ಒಂದೆರಡು ಸಾಲಿನ ಮೇಲೆ ಕಣ್ಣಾಡಿಸಿ, ಅಂಚಿನಲ್ಲಿ ಎಂಟು ಎಂದು ಹಾಕಿ ಸಹಿ ಮಾಡುತ್ತಿದ್ದೆ. ಆ ಹುಡುಗನಿಗೂ ಎಂಟೇ ಸಿಕ್ಕಿತು. ಅವನು ಓದದೆ ಬರೆದಿದ್ದ, ನಾನು ಓದದೆ ಕೊಟ್ಟೆ.

೨. ಲೇಖಕರು ಹುಲಿ ನೋಡಿಲ್ಲ

ಆ ಕಟ್ಟಿನಲ್ಲೇ ಮೂವತ್ತೊಂಬತ್ತನೆಯ ಹಾಳೆಯೊಂದಿತ್ತು. ಅದರಲ್ಲಿ ಕಣ್ಣೀರಿರಲಿಲ್ಲ. ಅದಕ್ಕೇ ಕಣ್ಣಿಗೆ ಬಿತ್ತು. ಮಾಂಬಳ್ಳಿಯಿಂದ ಬರುವ ಹುಡುಗಿಯದು. ತರಗತಿಯಲ್ಲಿ ಬಾಗಿಲ ಹತ್ತಿರವೇ ಕೂರುತ್ತಿದ್ದಳು, ಮೂರು ಗಂಟೆಯ ಬಸ್ಸಿಗೆ ಓಡುವುದಕ್ಕೆ ಅನುಕೂಲವೆಂದು.

ಕಾಡಿನ ಕಥೆಯೊಂದಕ್ಕೆ ಹೀಗೆ ಬರೆದಿದ್ದಳು: ‘ಇದರಲ್ಲಿ ಹುಲಿ ಗರ್ಜಿಸುತ್ತಾ ಎದುರಿಗೆ ಬರುತ್ತದೆ. ಇದು ತಪ್ಪು. ಹುಲಿ ಬರುವುದು ಮೊದಲು ಮರದ ಮೇಲಿನ ಮುಸುವನಿಗೆ ಗೊತ್ತಾಗುತ್ತದೆ, ಆಮೇಲೆ ಕಡವೆಗೆ, ಎಲ್ಲರಿಗಿಂತ ಕೊನೆಗೆ ಮನುಷ್ಯನಿಗೆ. ಲೇಖಕರಿಗೆ ಇನ್ನೂ ಗೊತ್ತಾಗಿಲ್ಲ.’

ಎರಡನೆಯದು ಆ ಪ್ರೇಮದ ಕಾದಂಬರಿ. ಅದಕ್ಕೆ: ‘ನಾಯಕಿ ಬಿದಿರು ಮೆಳೆಯ ಕೆಳಗೆ ಒಬ್ಬಳೇ ಕೂತು ಅತ್ತಳು. ಎಷ್ಟು ದುಃಖವಿದ್ದರೂ ಬಿದಿರು ಮೆಳೆಯ ಕೆಳಗೆ ಕೂರಬಾರದು. ಆನೆ ಬರುತ್ತದೆ. ಮನೆಯಲ್ಲೇ ಅಳಬಹುದಿತ್ತು.’

ಬಹಳ ದಿನಗಳ ಮೇಲೆ ನಕ್ಕೆ. ಸ್ಟಾಫ್ ರೂಮಿನಲ್ಲಿ ಯಾರೂ ಇರಲಿಲ್ಲ.

ಅವಳನ್ನು ಕರೆಸಿದೆ. “ಇದನ್ನ ಬರೆದವರು ಯಾರಮ್ಮ?”

“ನಾನೇ ಸಾ.”

“ಹೇಳಿದವರು?”

ನೆಲ ನೋಡಿದಳು. “ಅಪ್ಪ, ಸಾ. ನಂಗೂ ಅಂಗೇ ಅನ್ನುಸ್ತು, ಆದ್ರೆ ಅಪ್ಪ ಏಳುದ್ಮೇಲೆ.”

ಎಂಟು ಎಂದು ಹಾಕಿದ್ದನ್ನು ಹೊಡೆದು ಹತ್ತು ಮಾಡಿದೆ. ಅವಳು ಹೋಗುವಾಗ ಬಾಗಿಲಲ್ಲಿ ನಿಂತು ಕೇಳಿದಳು, “ಸಾ, ಅಪ್ಪಂಗೆ ಫಸ್ಟ್ ಕ್ಲಾಸಾ?”

೩. ಕಥೆ ಮುಗಿದಿಲ್ಲ

ಹುಡುಗಿಯ ಅಪ್ಪ ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಫಾರೆಸ್ಟ್ ವಾಚರ್ ಆಗಿದ್ದವರು. ಸಹಿ ಮಾಡುವಷ್ಟು ಅಕ್ಷರ ಬರುತ್ತಿತ್ತು. ಈಗ ಕಿಡ್ನಿ ಎರಡೂ ಹೋಗಿ ಹಾಸಿಗೆ ಹಿಡಿದಿದ್ದರು. ವಾರಕ್ಕೆ ಎರಡು ದಿನ ಡಯಾಲಿಸಿಸ್. ಹುಡುಗಿ ಏಳನೇ ಕ್ಲಾಸಿನಲ್ಲಿದ್ದಾಗಲೇ ತಾಯಿ ತೀರಿಕೊಂಡಿದ್ದಳು. ಮನೆಯಲ್ಲಿ ಇಬ್ಬರೇ. ಸಂಜೆ ಒಲೆ ಮುಂದೆ ಕೂತು ಅವಳು ಪಠ್ಯಪುಸ್ತಕವನ್ನೇ ಜೋರಾಗಿ ಓದುತ್ತಿದ್ದಳು, ಅವರು ಕೇಳುತ್ತಿದ್ದರು.

“ಆಸ್ಪತ್ರೆಗೆ ಬರಾಕಿಲ್ಲ, ಸಾಕು ಬುಡು ಕೂಸು ಅಂದ್ಬುಟ್ಟಿದ್ರು ಸಾ,” ಎಂದಳು ಒಂದು ದಿನ. “ಈ ಮೂರ್ನೇ ಪುಸ್ತಕ ಸುರು ಮಾಡುದ್ಮೇಲೆ ಬತ್ತಾವ್ರೆ. ಮುದ್ಕ ಏನಾದ ಅಂತ ತಿಳ್ಕಂಡೇ ಓಯ್ತೀನಿ ಅಂತಾರೆ.”

ಮೂರನೆಯದು ಒಬ್ಬ ಮುದುಕ ಅಂಬಿಗನ ಕಾದಂಬರಿ. ಹೊಳೆ ತುಂಬಿ ಬಂದಾಗ ನಡುಗಡ್ಡೆಯಲ್ಲಿ ಸಿಕ್ಕಿಕೊಂಡವರನ್ನು ತರಲು ಅವನೊಬ್ಬನೇ ದೋಣಿ ಹಾಕುತ್ತಾನೆ. ನಾನು ಅದನ್ನು ಓದಿದ್ದು ನನ್ನದೇ ಕಾಲೇಜಿನ ದಿನಗಳಲ್ಲಿ.

ಎರಡು ವಾರದ ಮೇಲೆ ಮತ್ತೆ ಬಂದಳು. “ಪುಸ್ತಕ ಮುಗೀತು ಸಾ. ಆದ್ರೆ ಅಪ್ಪ ಕಥೆ ಮುಗ್ದಿಲ್ಲ ಅಂತಾರೆ.”

ನಾನು ಹಾಜರಿ ಪುಸ್ತಕ ತುಂಬುತ್ತಿದ್ದೆ. ತಲೆ ಎತ್ತದೆಯೇ, “ಕೆಲವು ಲೇಖಕರು ಕೊನೆಯನ್ನು ಓದುಗರ ಕಲ್ಪನೆಗೆ ಬಿಡುತ್ತಾರಮ್ಮ,” ಎಂದೆ. ಮೇಷ್ಟ್ರುಗಳ ಹತ್ತಿರ ಇಂಥ ಮಾತು ಸದಾ ತಯಾರಿರುತ್ತದೆ.

ಮಾರನೆಯ ದಿನ ಉತ್ತರ ಬಂತು. “ಕಲ್ಪನೆಗೇ ಬುಡೋ ಅಂಗಿದ್ರೆ ಇಷ್ಟು ಪುಟ ಯಾಕ್ ಬರುದ್ರು ಅಂತ ಕೇಳುದ್ರು ಸಾ ಅಪ್ಪ.”

೪. ಡೈರೆಕ್ಟ್ರು ಮುಳುಗಿಸಿದ್ದು

ಆ ಕಾದಂಬರಿ ಸಿನಿಮಾ ಆಗಿತ್ತು. ಹಳೆಯ ಸಿನಿಮಾ. ಪ್ರಿನ್ಸಿಪಾಲರಿಗೆ ಹೇಳಿ ಸೆಮಿನಾರ್ ಹಾಲಿನಲ್ಲಿ ತೋರಿಸಿದೆ. ಪರದೆಯ ಮೇಲೆ ದೋಣಿ ದಡದ ಕಡೆ ತಿರುಗಿತು. ಮುಗಿಯಿತೆಂದು ಹುಡುಗರು ಎದ್ದು ಬ್ಯಾಗ್ ಹೆಗಲಿಗೆ ಹಾಕಿಕೊಂಡರು. ಸಿನಿಮಾ ಇನ್ನೂ ನಡೆಯುತ್ತಿತ್ತು. ದೋಣಿ ಮಗುಚಿತು. ನಡುಗಡ್ಡೆಯವರು ಈಜಿಕೊಂಡು ದಡ ಸೇರಿದರು, ಮುದುಕ ಸೇರಲಿಲ್ಲ.

ಹಾಲಿನಲ್ಲಿ ಗಲಾಟೆ. ಹನೂರಿನ ಹುಡುಗನೇ ಎಲ್ಲರ ಪರವಾಗಿ ನಿಂತ. “ಅನ್ಯಾಯ ಕಣ್ ಸಾ ಇದು! ಬರ್ದೋರು ಬದುಕ್ಸಿದ್ರು, ಡೈರೆಕ್ಟ್ರು ಮುಳುಗಿಸ್ಬುಟ್ರು!”

“ಪುಸ್ತಕದಲ್ಲೂ ಮುಳುಗುತ್ತಾನಪ್ಪ.”

“ಎಲ್ಲಿ ಸಾ? ತೋರ್ಸಿ.”

ಮೂವತ್ತೊಂಬತ್ತು ಜೆರಾಕ್ಸ್ ಪ್ರತಿಗಳು ಮೇಲೆದ್ದವು. ಎಲ್ಲವೂ ನೂರ ಎಂಬತ್ತನಾಲ್ಕನೇ ಪುಟಕ್ಕೆ ನಿಂತಿದ್ದವು. ಪುಸ್ತಕ ಇರುವುದು ಇನ್ನೂರು ಪುಟ. ನಾಲ್ಕು ವರ್ಷದಿಂದ ಹುಡುಗರು ‘ಸುಖಾಂತ್ಯವು ಮನಸ್ಸಿಗೆ ಮುದ ನೀಡಿತು’ ಎಂದು ಬರೆದಿದ್ದರು. ನಾನು ಎಂಟು ಹಾಕಿದ್ದೆ.

ಜೆರಾಕ್ಸ್ ಅಂಗಡಿಗೆ ಹೋದೆ. ಅವನಿಗೆ ನಾಚಿಕೆಯೇನೂ ಆಗಲಿಲ್ಲ. “ಸ್ಪೈರಲ್ ರಿಂಗು ಅಷ್ಟಕ್ಕೇ ಇಡಿಯಾದು ಸಾ. ದೊಡ್ಡುದು ಆವಾಗ ಸ್ಟಾಕ್ ಇರ್ನಿಲ್ಲ. ಕೊನೇದು ಬುಡಾಕೂ ಮುಂಚೆ ನಾನೇ ಓದಿ ನೋಡ್ದೆ. ದೋಣಿ ತಿರುಗ್ತಲ್ಲ, ಇನ್ನೇನ್ ಬೇಕು ಅನ್ನುಸ್ತು.”

ಅಂತೂ ಆ ಮುದುಕ ನಾಲ್ಕು ವರ್ಷ ಬದುಕಿದ್ದು ಕೊಳ್ಳೇಗಾಲದಲ್ಲಿ ದೊಡ್ಡ ರಿಂಗ್ ಸಿಗದೆ. ಅಷ್ಟು ವರ್ಷದಲ್ಲಿ ಪುಟ ಕಮ್ಮಿ ಇದೆ ಎಂದು ಕಂಡುಹಿಡಿದವರು ಒಬ್ಬರೇ. ಅವರಿಗೆ ಓದು ಬರುತ್ತಿರಲಿಲ್ಲ.

೫. ಹದಿನಾರು ಪುಟ

ಹುಡುಗಿ ಸಿನಿಮಾ ಮುಗಿದ ಮೇಲೂ ಹಾಲಿನಲ್ಲಿ ಕೂತೇ ಇದ್ದಳು. ಮೂರು ಗಂಟೆಯ ಬಸ್ಸು ಹೋಗಿತ್ತು.

“ಮುದ್ಕ ಓದ ಅಂತ ಅಪ್ಪಂಗೆ ಎಂಗ್ ಏಳ್ಳಿ ಸಾ?”

ನನ್ನ ಸ್ವಂತ ಪ್ರತಿ ತಂದುಕೊಟ್ಟು, “ಕೊನೆಯ ಹದಿನಾರು ಪುಟ ಇದರಲ್ಲಿದೆ. ನೋಡಿಕೊಂಡು ಓದು,” ಎಂದೆ.

ಎರಡು ತಿಂಗಳಾದರೂ ಪುಸ್ತಕ ವಾಪಸ್ಸು ಬರಲಿಲ್ಲ. ಕೇಳಿದರೆ, “ಇನ್ನೂ ಓದ್ತಾ ಇವ್ನಿ ಸಾ,” ಎನ್ನುತ್ತಿದ್ದಳು. ಒಂದು ಭಾನುವಾರ ಯಳಂದೂರಿಗೆ ಹೋಗುವ ಕೆಲಸವಿತ್ತು. ಹಾಗೇ ಮಾಂಬಳ್ಳಿಗೂ ಹೋದೆ.

ಅವರು ಜಗಲಿಯ ಮಂಚದಲ್ಲಿ ಗೋಡೆಗೆ ಒರಗಿದ್ದರು. ಕಾಲು ಊದಿತ್ತು. ಮಗಳು ಕಾಫಿಗೆಂದು ಒಳಗೆ ಹೋದಳು. ಅವರು ನನ್ನ ಕಡೆ ತಿರುಗಿದರು.

“ಸಾ, ನೀವು ಪೂರ್ತಿ ಓದಿದ್ದೀರಂತೆ. ಮುದ್ಕ ಬಂದ್ನಾ?”

“ಬಂದ,” ಎಂದೆ.

ನಕ್ಕರು. ನಗು ಕೆಮ್ಮಾಯಿತು. “ಕಾಡ್ನಾಗೆ ಸೌದೆ ಕಳ್ರನ್ನ ಇಡ್ದಾಗ ಎಲ್ರೂ ಇಂಗೇ ಒಂದೇ ಮಾತ್ನಲ್ಲಿ ಉತ್ರ ಕೊಡೋರು ಸಾ.”

ನಾನು ಒಳಬಾಗಿಲ ಕಡೆ ನೋಡಿದೆ.

“ಓಗ್ಲಿ ಬುಡಿ. ಅವ ಬರ್ನಿಲ್ಲ ಅಂತ ನಂಗೊತ್ತು. ಅಂತಾ ನೀರ್ನಾಗೆ ಯಾರ್ ಬತ್ತಾರೆ?” ದನಿ ಇಳಿಸಿದರು. “ಹದ್ನಾರು ಪುಟ ಅಂತ ತಂದ್ಳು. ಎರಡು ತಿಂಗ್ಳಾಯ್ತು, ಇನ್ನೂ ಓದ್ತಾನೇ ಅವ್ಳೆ. ಮುದ್ಕ ದಡ ಸೇರ್ದ. ಮನೆಗೆ ಬಂದ. ಸೂರಿಗೆ ಹುಲ್ಲು ಒದಿಸ್ದ. ಒಂದು ಎಮ್ಮೆ ತಕಂಡ. ಆ ಎಮ್ಮೆ ಕರ ಆಕ್ತು. ಪುಟ ಮಾತ್ರ ಮಗುಚಾಕಿಲ್ಲ ಸಾ, ನಾನ್ ನೋಡ್ತಾನೇ ಇವ್ನಿ.”

“ನೀವು ಕೇಳಲಿಲ್ಲವೇ?”

“ಕೇಳುದ್ರೆ ನಿಲ್ಸ್‌ಬುಟ್ಟಾಳು. ಎಮ್ಮೆದೊಂದು ಗತಿ ಕಾಣ್ಬೇಕಲ್ಲ ಅಂತ ನಾನೂ ಡಯಾಲಿಸಿಸ್‌ಗೆ ಓಯ್ತಾ ಇವ್ನಿ.” ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡರು. “ಒಂದೇ ತೊಡಕು ಸಾ. ಮುದ್ಕ ಮನೆಗೆ ಬಂದಾಗ ಅವ್ನ ಎಂಡ್ತಿ ಬಸ್ಸಾರು ಮಾಡಿ ಮುದ್ದೆ ಇಟ್ಲಂತೆ. ಆ ಯಮ್ಮ ಮೂರ್ನೇ ಅಧ್ಯಾಯದಲ್ಲೇ ಸತ್ತೋಗಿದ್ಲಲ್ಲ!”

ನನಗೆ ನಗು ಬಂತು. ಅವರೂ ನಕ್ಕರು. ಒಳಗಿನಿಂದ ಲೋಟದ ಸದ್ದು ಬಂದಾಗ ಇಬ್ಬರೂ ನಿಲ್ಲಿಸಿದೆವು.

“ಬರೋದು ಬಂದ್ಲು, ಇರ್ಲಿ,” ಎಂದರು. “ಆದ್ರೆ ಊರೆಲ್ಲಾ ನೀರು. ಬಸ್ಸಾರಿಗೆ ಸೊಪ್ಪು ಎಲ್ಲಿಂದ ತಂದ್ಲು ಸಾ? ಮಗಳು ಇದ್ನೇ ಬರ್ಕೊಟ್ರೆ, ಸೊಪ್ಪಿಗೆ ಬೇಕಾದ್ರೆ ಅರ್ಧ ಮಾರ್ಕ್ಸ್ ಕಳೀರಿ. ಎಂಡ್ತಿ ಬಂದುದ್ಕೆ ಕಳೀಬ್ಯಾಡಿ.”

ಮುಂದಿನ ತಿಂಗಳು ಅವರು ಹೋದರು. ಎಮ್ಮೆಯ ಎರಡನೇ ಕರುವಿನವರೆಗೆ ಕೇಳಿದರಂತೆ. ಹದಿನೈದು ದಿನದ ಮೇಲೆ ಹುಡುಗಿ ಕಾಲೇಜಿಗೆ ಬಂದು ನನ್ನ ಪುಸ್ತಕವನ್ನೂ ಮೂರನೆಯ ಪ್ರತಿಕ್ರಿಯೆಯನ್ನೂ ಮೇಜಿನ ಮೇಲಿಟ್ಟು, ಮೂರು ಗಂಟೆಯ ಬಸ್ಸಿಗೆ ಹೋದಳು. ಸಾಲು ಬಿಡದೆ ಓದಿದೆ. ಎಲ್ಲ ಇತ್ತು: ಸೂರು, ಎಮ್ಮೆ, ಬಾಗಿಲಲ್ಲಿ ನಿಂತ ಹೆಂಡತಿ, ಬಸ್ಸಾರು.

ಇಂಟರ್ನಲ್ ಅಂಕಗಳನ್ನು ಪರಿಶೀಲಿಸಲು ಬೇರೆ ಕಾಲೇಜಿನ ಮೇಷ್ಟ್ರೊಬ್ಬರು ಬಂದಿದ್ದರು. ಆ ಹಾಳೆಯ ಹತ್ತಿರ ನಿಂತರು.

“ಏನ್ ಸಾರ್, ಇದನ್ನ ಓದಿ ಅಂಕ ಕೊಟ್ಟಿದ್ದೀರಾ? ಮುಳುಗಿದವನು ಮನೆಗೆ ಬಂದಿದ್ದಾನೆ, ಸತ್ತವಳು ಎದ್ದು ಅಡುಗೆ ಮಾಡಿದ್ದಾಳೆ!”

“ನಾಲ್ಕು ವರ್ಷದಲ್ಲಿ ಪೂರ್ತಿ ಓದಿ ಕೊಟ್ಟದ್ದು ಇದೊಂದೇ,” ಎಂದೆ.

“ಮತ್ತೆ ಒಂಬತ್ತೂವರೆ ಹೇಗೆ ಕೊಟ್ರಿ? ಅರ್ಧ ಅಂಕ ಯಾತಕ್ಕೆ ಕಳೆದಿರಿ?”

“ಸೊಪ್ಪಿಗೆ.”