ರಾಚಪ್ಪನ ಮಾನ ಖಾಲಿಯಾದದ್ದು

"ರಾಚಪ್ಪನ ಕುತ್ತಿಗಿ ಇವತ್ತಿನತನಕ ಯಾರ ಮುಂದೂ ಬಗ್ಗಿಲ್ಲ, ಬಗ್ಗೂದೂ ಇಲ್ಲ!" ವಿಜಯಪುರದ ಕಡೆಯ ಮೇಸ್ತ್ರಿ ರಾಚಪ್ಪ ಆಗಾಗ ಹೀಗೆ ಘೋಷಿಸುತ್ತಿದ್ದ. ಮಹಾರಾಷ್ಟ್ರದ ನಾಸಿಕದ ಕಡೆ ಸುರಗಾಣಾ ಘಾಟಿಯ ರಸ್ತೆ ಕೆಲಸದಲ್ಲಿದ್ದಾಗ ಒಂದು ಬೆಳಿಗ್ಗೆ ದೇವರು ಅದನ್ನು ಅಕ್ಷರಶಃ ನಡೆಸಿಕೊಟ್ಟ. ಕುತ್ತಿಗೆ ಹಿಡಿದುಕೊಂಡಿತು!

ತಪ್ಪು ಕುರ್ಚಿಗಳದು. ಮಗಳು ನೀಲಾಂಬಿಕಾಳನ್ನು ನೋಡಲು ಮರುದಿನ ಸಂಭಾಜಿನಗರದಿಂದ ಶ್ರೀಮಂತ ಎಂಬ ಹೆಸರಿನ ವರನೂ ಅವನ ಮನೆಯವರೂ ಬರುವವರಿದ್ದರು. ಅವರಿಗೆಂದು ತಂದ ಪ್ಲಾಸ್ಟಿಕ್ ಕುರ್ಚಿಗಳನ್ನು "ಆಳು ಯಾಕ ಬೇಕು?" ಎಂದು ತಾನೇ ತಲೆಯ ಮೇಲೆ ಪೇರಿಸಿಕೊಂಡು ಘಾಟಿ ಹತ್ತಿದ್ದ. ಈಗ ಬೀಗರಾಗುವವರಿಗೆ ತಲೆಬಾಗಿ ಕೈಮುಗಿಯುವುದು ಹೇಗೆ? ಸೆಟೆದು ನಿಂತರೆ, "ಹುಡುಗಿ ಅಪ್ಪಗ ಎಷ್ಟು ಸೊಕ್ಕು ನೋಡ್ರಿ" ಎಂದು ಅವರು ಬಂದ ದಾರಿ ಹಿಡಿದಾರು. ಒಳ್ಳೆಯ ಸಂಬಂಧ ಕೈತಪ್ಪಿಹೋದೀತೆಂದು ರಾಚಪ್ಪನಿಗೆ ನಿಜಕ್ಕೂ ಭಯವಾಯಿತು.

ಆಸ್ಪತ್ರೆಗೆಂದು ನಾಸಿಕದ ಬಸ್ಸು ಹತ್ತಿದರೆ ಪ್ರತಿ ತಿರುವಿಗೂ ಜೀವ ಹೋಗಿ ಬರುತ್ತದೆ. ಫೋನಿನಲ್ಲೇ ಡಾಕ್ಟರು ಸಿಗುತ್ತಾರಲ್ಲ, ಅದೇ ಸರಿ ಎಂದು ತೀರ್ಮಾನವಾಯಿತು.

"ನಾ ಮಾತಾಡ್ಲೇನ್ರಿ? ಡಾಕ್ಟರ ಬಾಯಾರು ಮರಾಠಿಯವರಂತ" ಎಂದಳು ಹೆಂಡತಿ ಲಕ್ಷ್ಮವ್ವ.

"ನನಗ ಮರಾಠಿ ಕಲಸ್ತಿಯೇನ? ಚಲಾ ಅಂದ್ರ ನಡಿ, ಥಾಂಬಾ ಅಂದ್ರ ನಿಲ್ಲು, ಲವಕರ್ ಅಂದ್ರ ಲಗೂ! ಈ ಮೂರರ ಮ್ಯಾಲ ಘಾಟೀನ ಕಡದೀನಿ! ನೀ ಸುಮ್ನ ಫೋನ್ ಹಿಡಿ."

ಅಲ್ಲಿ ನೆಟ್‌ವರ್ಕ್ ಸಿಗುವುದು ಜಲ್ಲಿ ರಾಶಿಯ ನೆತ್ತಿಯಲ್ಲಿ ಮಾತ್ರ. ರಾಚಪ್ಪ ಸಿಂಹಾಸನವೇರುವ ಗತ್ತಿನಲ್ಲಿ ಏರಿ ಕುಳಿತ; ಲಕ್ಷ್ಮವ್ವ ಫೋನು ಹಿಡಿದು ಪಕ್ಕದಲ್ಲಿ ನಿಂತಳು. ಕೆಳಗೆ ಇಡೀ ಗ್ಯಾಂಗು ಪುಟ್ಟಿಗಳನ್ನು ಇಳಿಸಿ ಮೋಜು ನೋಡಲು ನಿಂತಿತು.

ಪರದೆಯ ಮೇಲೆ ನಾಸಿಕದ ಡಾಕ್ಟರಬಾಯಿ ಮೂಡಿದರು. "ನಮಸ್ಕಾರ್. ಮಾನ್ ದುಖ್ತೇ ಕಾ?"

ಮಾನದ ದುಃಖ! ಹೇಳುವ ಮೊದಲೇ ತಿಳಿದುಕೊಂಡರಲ್ಲ! ರಾಚಪ್ಪನ ಕಣ್ಣು ತುಂಬಿ ಬಂತು. "ಹೌದ್ರಿ ಬಾಯಾರ, ಮಾನದ್ದೇ ದುಃಖ!"

"ಬರಂ. ಮಾನ್ ವರ್ ಕರಾ."

"ವರ ನಾಳಿಗಿ ಬರ್ತಾನ್ರಿ! ಅವಂಗೂ ಮಾನ ಮಾಡ್ತೀವಿ. ಟವೆಲ್ಲು, ಟೊಪಗಿ ಎಲ್ಲಾ ತಂದೀವ್ರಿ!"

ಡಾಕ್ಟರಬಾಯಿ ಫೋನಿನ ಮೇಲೆ ಬೆರಳಿನಿಂದ ಟಕಟಕ ಬಡಿದರು. ಆಮೇಲೆ ದನಿ ಏರಿಸಿದರು. "ಆವಾಜ್ ಯೇತೋ ಕಾ? ಆತಾ ಮಾನ್ ಖಾಲೀ ಕರಾ!"

ರಾಚಪ್ಪ ದಡಕ್ಕನೆ ಎದ್ದು ನಿಂತ. ಜಲ್ಲಿ ಸರಸರ ಜಾರಿತು. "ಏನಂದ್ರಿ? ಮಾನ ಖಾಲಿ ಮಾಡಬೇಕಾ?"

"ಹೋ, ಖಾಲೀ! ಪೂರ್ಣ ಖಾಲೀ!"

"ರಾಚಪ್ಪನ ಮಾನ ಖಾಲಿ ಮಾಡೋರು ಈ ಮಹಾರಾಷ್ಟ್ರದಾಗ ಇನ್ನೂ ಹುಟ್ಟಿಲ್ರೀ!"

ಲಕ್ಷ್ಮವ್ವನ ಕೈಯಲ್ಲಿ ಫೋನು ಕುಣಿಯತೊಡಗಿತ್ತು. ಪಾಪ, ನಗು ತಡೆದೂ ತಡೆದೂ ಅವಳ ಕಣ್ಣಲ್ಲಿ ನೀರು ಬಂದಿತ್ತು.

"ಕೂಡ್ರಿ ಕೆಳಗ! ನಳದ ಕಡೆ ಹೆಂಗಸರು ಕೊಡ ಹೊತ್ತು ದಿನಾ 'ಮಾನ್ ದುಖ್ತೇ' ಅಂತಾರ. ಮಾನ್ ಅಂದ್ರ ಕುತ್ತಿಗಿ. ವರ್ ಅಂದ್ರ ಮ್ಯಾಲ, ಖಾಲೀ ಅಂದ್ರ ಕೆಳಗ. ಕುತ್ತಿಗಿ ಎತ್ತರಿ, ಬಗ್ಗಸ್ರಿ ಅಂತ ಬಾಯಾರು ಅವಾಗಿಂದ ಬಡಕೊಳ್ಳಾಕತ್ತಾರ!"

ಕೆಳಗೆ ಗ್ಯಾಂಗು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಲಕ್ಷ್ಮವ್ವ ತನಗೆ ಬಂದಷ್ಟು ಮರಾಠಿಯಲ್ಲಿ ಕಥೆಯನ್ನೆಲ್ಲ ಬಿಡಿಸಿ ಹೇಳಿದಾಗ ಡಾಕ್ಟರಬಾಯಿಯೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಗಂಭೀರವಾಗಿ, ಕೈಗೆ ಜೋಮು ಹಿಡಿಯುತ್ತದೆಯೇ, ಜ್ವರ ಇದೆಯೇ ಎಂದು ಲಕ್ಷ್ಮವ್ವನ ಮೂಲಕವೇ ಕೇಳಿದರು. ಎರಡೂ ಇರಲಿಲ್ಲ. ಬಿಸಿ ಶಾಖ ಕೊಡಿ, ಆರೋಗ್ಯ ಕೇಂದ್ರದಲ್ಲಿ ಮಾತ್ರೆ ತೆಗೆದುಕೊಳ್ಳಿ, ತಲೆಯ ಮೇಲೆ ಏನೂ ಹೊರಬೇಡಿ, ಜೋಮು ಬಂದರೆ ಮಾತ್ರ ತಡಮಾಡದೆ ನಾಸಿಕಕ್ಕೆ ಬನ್ನಿ ಎಂದರು.

ರಾಚಪ್ಪನ ಕಿವಿಗೆ ಇದಾವುದೂ ಬೀಳಲಿಲ್ಲ. ಹೆಂಡತಿಯ ಮುಖ ನೋಡುವಂತಿಲ್ಲ, ಗ್ಯಾಂಗಿನ ಕಡೆ ತಿರುಗುವಂತಿಲ್ಲ. ಭೂಮಿ ಬಾಯಿ ಬಿಡಬಾರದೇ ಎನಿಸುವಷ್ಟು ನಾಚಿಕೆಯಾಗಿತ್ತು. ಬೆಳಗಿನಿಂದ ಹಟ ಹಿಡಿದಿದ್ದ ಕುತ್ತಿಗೆ ನೋಯುತ್ತಲೇ ಇಷ್ಟಿಷ್ಟೇ ಇಳಿದು, ಗದ್ದ ಎದೆಯ ಸಮೀಪಕ್ಕೆ ಬಂತು.

"ಶಾಬಾಸ್!" ಡಾಕ್ಟರಬಾಯಿ ಚಪ್ಪಾಳೆ ತಟ್ಟಿದರು. "ಮಾನ್ ಖಾಲೀ ಝಾಲೀ!"

"ಆತ್ರಿ ಬಾಯಾರ" ಎಂದ ರಾಚಪ್ಪ, ಜಲ್ಲಿಯನ್ನೇ ನೋಡುತ್ತ. "ಪೂರಾ ಖಾಲಿ ಆತು."